ಲಗಾಮಿಲ್ಲದ ಸಾರಥ್ಯ

ಹಿಮದ ಮೇಲೆ ನಾಯಿಗಳು ಎಳೆಯುವ ಸ್ಲೆಡ್ಡಿಗೆ ಲಗಾಮು ಇರುವುದಿಲ್ಲ. ನಮ್ಮ ಎತ್ತಿನ ಗಾಡಿ ಹೊಡೆಯುವವನ ಕೈಯಲ್ಲಿ ಮೂಗುದಾರಕ್ಕೆ ಬಿಗಿದ ಹಗ್ಗವಿದೆ, ಬಾರುಕೋಲಿದೆ. ಬೇಕೆಂದಾಗ ಎತ್ತಿನ ಬೆನ್ನು ಸವರುವಷ್ಟು ಸಮೀಪದಲ್ಲಿ ಅವನು ಕೂತಿರುತ್ತಾನೆ. ಸ್ಲೆಡ್ ನಡೆಸುವವರಿಗೆ ಈ ಅನುಕೂಲ ಒಂದೂ ಇಲ್ಲ. ಎಂಟು ನಾಯಿಗಳ ತಂಡವಾದರೆ ಎಲ್ಲಕ್ಕಿಂತ ಮುಂದಿನ ಜೋಡಿ ಸುಮಾರು 10 ಮೀಟರ್ ದೂರದಲ್ಲಿ ಓಡುತ್ತಿರುತ್ತದೆ. ಅಲ್ಲಿಗೆ ಮುಟ್ಟುವುದು ಮನುಷ್ಯನ ದನಿ ಮಾತ್ರ.

ಈ ವಿದ್ಯೆಯ ಹೆಸರು ಮಷಿಂಗ್; ಅದನ್ನು ಬಲ್ಲವರು ಮಷರ್. ಎಳೆಯುವ ಬಲವೆಲ್ಲ ನಾಯಿಗಳದ್ದು. ಮಷರ್ ಒದಗಿಸಬೇಕಾದದ್ದು ಗಮನ, ತಾಳ್ಮೆ ಮತ್ತು ಸರಿಯಾದ ಹೊತ್ತಿಗೆ ಸರಿಯಾದ ಒಂದು ಮಾತು. ಕೂದಲು ನೆರೆತ ಮೇಲೂ ಕಲಿಯಬಹುದಾದ, ಕಲಿತು ಪ್ರೀತಿಸಬಹುದಾದ ವಿದ್ಯೆ ಇದು ಎಂದು ಧೈರ್ಯವಾಗಿ ಹೇಳಲು ನನಗೆ ಇದೇ ಕಾರಣ.

ನಾನು ಇದನ್ನು ಕಂಡದ್ದು ನಿವೃತ್ತಿಯ ನಂತರ, ಮಗಳ ಸಂಸಾರ ನೋಡಿ ಬರಲು ಅಮೆರಿಕದ ಮಿನೆಸೊಟಾಕ್ಕೆ ಹೋಗಿದ್ದಾಗ. ಆ ರಾಜ್ಯದ ಉತ್ತರದಲ್ಲಿ, ಕೆನಡಾದ ಗಡಿಗೆ ಹತ್ತಿರ ಈಲಿ ಎಂಬ ಪುಟ್ಟ ಊರಿದೆ. ಊರಿನ ಆಚೆಗೆ ಹಬ್ಬಿರುವುದು ಸಾವಿರಕ್ಕೂ ಹೆಚ್ಚು ಸರೋವರಗಳಿರುವ ಬೌಂಡರಿ ವಾಟರ್ಸ್ ಕಾಡು. ಅದರ ಬಹುಪಾಲು ಜಾಗದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಬೇಸಿಗೆಯಲ್ಲಿ ಜನ ದೋಣಿಯಲ್ಲಿ ಹೋಗುತ್ತಾರೆ. ಚಳಿಗಾಲದಲ್ಲಿ ಸರೋವರಗಳು ಗಟ್ಟಿಯಾದ ಮೇಲೆ ಕಾಲ್ನಡಿಗೆ, ಸ್ಕೀ ಅಥವಾ ನಾಯಿಗಳು. ಹೀಗಾಗಿ ಅಲ್ಲಿ ಸ್ಲೆಡ್ ಇವತ್ತಿಗೂ ಕಾಡಿನೊಳಗೆ ಹೋಗಿಬರುವ ಒಂದು ವಾಹನವೇ. 1986ರಲ್ಲಿ ನಡುದಾರಿಯಲ್ಲಿ ಎಲ್ಲೂ ಸರಕು ತರಿಸಿಕೊಳ್ಳದೆ ನಾಯಿಗಳೊಂದಿಗೆ ಉತ್ತರ ಧ್ರುವ ತಲುಪಿದ ವಿಲ್ ಸ್ಟೀಗರ್ ನೆಲೆಸಿದ್ದು ಈಲಿಯ ಬಳಿಯಲ್ಲೇ. ಅಂಥ ಊರಿನ ಒಂದು ನಾಯಿಮನೆಯಲ್ಲಿ ನಾನು ಈ ಕೆಲಸದ ಅಕ್ಷರಾಭ್ಯಾಸ ಮಾಡಿದೆ.

ಹಳೆಯ ನಂಟು

ಉತ್ತರದ ಜನ ನಾಯಿಗಳಿಂದ ಸ್ಲೆಡ್ ಎಳೆಸತೊಡಗಿ ಎಷ್ಟೋ ಸಾವಿರ ವರ್ಷಗಳಾದವು. ಸೈಬೀರಿಯಾದ ಉತ್ತರಕ್ಕಿರುವ ಝೋಖೊವ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸ್ಲೆಡ್ಡಿನ ಭಾಗಗಳೂ ನಾಯಿಗಳ ಎಲುಬುಗಳೂ ಸಿಕ್ಕಿವೆ. ಇನ್ಯೂಟ್, ಚುಕ್ಚಿ ಮೊದಲಾದ ಉತ್ತರದ ಜನಗಳಿಗೆ ಬೇಟೆ, ಸಾಗಾಟ, ನೆಂಟರ ಮನೆಯ ಪ್ರಯಾಣ ಎಲ್ಲಕ್ಕೂ ನಾಯಿಗಳೇ ಆಧಾರವಾಗಿದ್ದವು. ಮಿನೆಸೊಟಾದಲ್ಲಿ ಒಜಿಬ್ವೆ ಸಮುದಾಯದ ಜಾನ್ ಬೇರ್‌ಗ್ರೀಸ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕ ಸುಪೀರಿಯರ್ ಸರೋವರದ ದಡದುದ್ದಕ್ಕೂ ಅಂಚೆ ಹೊತ್ತು ತಂದರು. ಚಳಿಗಾಲದಲ್ಲಿ ಅವರ ಚೀಲಗಳನ್ನು ಎಳೆದದ್ದು ನಾಯಿಗಳು. ಅವರ ಹೆಸರಿನ ಸ್ಲೆಡ್ ಸ್ಪರ್ಧೆ ಈಗಲೂ ಅದೇ ದಡದಲ್ಲಿ ನಡೆಯುತ್ತದೆ.

1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬತೊಡಗಿತು. ಔಷಧ ರೈಲಿನಲ್ಲಿ ನೆನಾನಾ ಎಂಬಲ್ಲಿಯವರೆಗೆ ಬಂತು. ಅಲ್ಲಿಂದ ಮುಂದೆ ಸುಮಾರು 1,085 ಕಿಲೋಮೀಟರ್ ಹಿಮದ ದಾರಿ. ಇಪ್ಪತ್ತು ಮಷರ್‌ಗಳು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನದಲ್ಲಿ ಔಷಧ ಮುಟ್ಟಿಸಿದರು. ಕೊನೆಯ ಹಂತದಲ್ಲಿ ಓಡಿದ ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು. ಆದರೆ ಎಲ್ಲರಿಗಿಂತ ಹೆಚ್ಚು ದೂರ ಓಡಿದ್ದು ಲಿಯೊನಾರ್ಡ್ ಸೆಪಾಲಾ ಅವರ ತಂಡ. ಸಮುದ್ರದ ಮೇಲಿನ ಅಪಾಯದ ಮಂಜುಗಡ್ಡೆಯನ್ನು ದಾಟಿದ್ದೂ ಅದೇ. ಆಗ ಸೆಪಾಲಾಗೆ 47 ವರ್ಷ. ಮುಂದಾಳು ನಾಯಿ ಟೋಗೊಗೆ ಹನ್ನೆರಡು. ನಾಯಿಗಳ ಲೆಕ್ಕದಲ್ಲಿ ಅದು ಮುಪ್ಪು. ಇಂಥ ದಾರಿಯಲ್ಲಿ ಅನುಭವಕ್ಕೆ ಇರುವ ಬೆಲೆ ತಿಳಿಯಲು ಬೇರೆ ಸಾಕ್ಷಿ ಬೇಡ.

ಎಳೆಯಲು ಹದವಾದ ಮೈ

ಸ್ಲೆಡ್ ನಾಯಿ ಎಂದರೆ ನೀಲಿ ಕಣ್ಣಿನ, ಸಿಂಗರಿಸಿದಂತಿರುವ ಸೈಬೀರಿಯನ್ ಹಸ್ಕಿ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಓಡುವುದು ಅಲಾಸ್ಕನ್ ಹಸ್ಕಿ. ಇದು ದಾಖಲೆಯ ತಳಿಯಲ್ಲ; ಚೆನ್ನಾಗಿ ಓಡಿದ, ಚೆನ್ನಾಗಿ ತಿಂದ, ಗಟ್ಟಿ ಪಾದದ ನಾಯಿಗಳನ್ನು ಆರಿಸಿ ಆರಿಸಿ ಬೆಳೆಸಿದ ಮಿಶ್ರ ವಂಶ. ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ನೋಡಿದರೆ ಸಣಕಲು ಎನ್ನಿಸುತ್ತದೆ. ಈಲಿಯಂಥ ಕಡೆ ಡೇರೆ, ಒಲೆ, ಊಟದ ಸಾಮಾನು ಹೇರಿಕೊಂಡು ದಿನಗಟ್ಟಲೆ ಹೋಗುವವರು ಇದಕ್ಕಿಂತ ದಪ್ಪ ಎಲುಬಿನ, ನಿಧಾನ ನಡೆಯ ಕೆನಡಿಯನ್ ಇನ್ಯೂಟ್ ನಾಯಿಗಳನ್ನು ಇಷ್ಟಪಡುತ್ತಾರೆ.

ಈ ನಾಯಿಗಳ ಮೈಕಟ್ಟನ್ನು ಅರಿತಷ್ಟೂ ಬೆರಗು ಹೆಚ್ಚುತ್ತದೆ. ತುಪ್ಪಳ ಎರಡು ಪದರ: ಒಳಗೆ ಶಾಖ ಹಿಡಿಯುವ ಮೆತ್ತನೆಯ ಉಣ್ಣೆ, ಹೊರಗೆ ಹಿಮ ಜಾರಿಸುವ ಒರಟು ಕೂದಲು. ಪಾದದಲ್ಲಿ ರಕ್ತನಾಳಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ. ಪಾದಕ್ಕೆ ಇಳಿಯುವ ಬಿಸಿ ರಕ್ತ, ಅಲ್ಲಿಂದ ಮರಳುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಡುತ್ತದೆ. ಹಾಗಾಗಿ ಪಾದ ಹಿಮ ತುಳಿದರೂ ಒಡಲು ತಣ್ಣಗಾಗುವುದಿಲ್ಲ. ಮಲಗುವಾಗ ಸುರುಳಿ ಸುತ್ತಿಕೊಂಡು ಬಾಲದಿಂದ ಮೂಗು ಮುಚ್ಚಿಕೊಳ್ಳುತ್ತವೆ. ದೀರ್ಘ ಓಟದ ದಿನಗಳಲ್ಲಿ ಒಂದೊಂದು ನಾಯಿಗೂ 10,000 ಕ್ಯಾಲೊರಿಗಿಂತ ಹೆಚ್ಚು ಆಹಾರ ಬೇಕಾಗುತ್ತದೆ, ಅದರಲ್ಲೂ ಕೊಬ್ಬು. ಮೈನಸ್ 20 ಡಿಗ್ರಿ ಅವಕ್ಕೆ ಹಿತವಾದ ಹವೆ. ಸೊನ್ನೆಗಿಂತ ಮೇಲೆ ಹೋದರೆ ಮಷರ್ ಚಿಂತಿಸಬೇಕಾದದ್ದು ಸೆಕೆಯ ಬಗ್ಗೆ.

ಕಟ್ಟುವ ಕ್ರಮ

ಹೊಸಬರಿಗೆ ಮೊದಲು ಕಲಿಸುವುದು ಹಾರ್ನೆಸ್ ತೊಡಿಸುವುದನ್ನು. ಪಟ್ಟಿಗಳಿಂದ ಹೊಲಿದ ಈ ಕವಚದ ಮುಂಭಾಗ ಎದೆಯ ಎಲುಬಿನ ಮೇಲೆ ಕೂರಬೇಕು. ಗಂಟಲಿಗೆ ಏರಿದರೆ ಉಸಿರು ಕಟ್ಟುತ್ತದೆ. ಸಡಿಲವಾದರೆ ಕಂಕುಳು ಉಜ್ಜಿ ಹುಣ್ಣಾಗುತ್ತದೆ. ಬೆನ್ನ ಮೇಲೆ ಪಟ್ಟಿಗಳು ಕತ್ತರಿಯಾಕಾರವಾಗಿ ಹಾದು ಬಾಲದ ಬುಡದಲ್ಲಿ ಕೂಡುತ್ತವೆ. ಅಲ್ಲಿಗೆ ಸಿಕ್ಕಿಸುವುದು ಟಗ್‌ಲೈನ್. ನಾಯಿ ಎಳೆಯುವುದು ಇದರ ಮೂಲಕ. ಕೊರಳಪಟ್ಟಿಗೆ ಇನ್ನೊಂದು ಗೇಣುದ್ದದ ನೆಕ್‌ಲೈನ್. ಇದು ನಾಯಿ ಸಾಲು ಬಿಟ್ಟು ಹೋಗದಂತೆ ತಡೆಯಲು ಮಾತ್ರ. ಎರಡೂ ಸೇರುವುದು ತಂಡದ ನಡುವೆ ಉದ್ದಕ್ಕೆ ಹಾದು ಸ್ಲೆಡ್ ಮುಟ್ಟುವ ಗ್ಯಾಂಗ್‌ಲೈನಿಗೆ.

ಈ ಸಾಲಿನಲ್ಲಿ ಯಾರ ಜಾಗ ಎಲ್ಲಿ ಎಂಬುದೇ ಒಂದು ಶಾಸ್ತ್ರ. ಎಲ್ಲಕ್ಕಿಂತ ಮುಂದೆ ಲೀಡರ್, ಒಂದು ಅಥವಾ ಎರಡು. ಲೀಡರ್‌ಗೆ ಮಾತು ತಿಳಿಯಬೇಕು, ದಾರಿ ತಿಳಿಯಬೇಕು, ಹಿಂದಿನವರ ಒತ್ತಡಕ್ಕೆ ಬೆದರಬಾರದು. ಅದರ ಹಿಂದೆ ಸ್ವಿಂಗ್ ನಾಯಿಗಳು. ತಿರುವಿನಲ್ಲಿ ತಂಡವನ್ನು ಸರಿಯಾದ ಬಾಗಿನಲ್ಲಿ ಕರೆದೊಯ್ಯುವುದು ಅವುಗಳ ಕೆಲಸ. ನಡುವೆ ಟೀಮ್ ನಾಯಿಗಳು. ಸ್ಲೆಡ್ಡಿಗೆ ಅಂಟಿದಂತೆ ಇರುವವು ವೀಲ್ ನಾಯಿಗಳು. ಹಿಂದೆ ಸ್ಲೆಡ್ ಗಡಗಡಿಸಿದರೂ ಇವು ಗಾಬರಿಯಾಗಬಾರದು, ಮರದ ಬೊಡ್ಡೆಯ ಪಕ್ಕ ಸ್ಲೆಡ್ಡನ್ನು ಎಳೆದು ತಪ್ಪಿಸುವ ಬಲವೂ ಬೇಕು. ಜೊತೆಗೆ ಯಾವುದು ಯಾವುದರ ಪಕ್ಕ ಓಡಲು ಒಪ್ಪುತ್ತದೆ, ಯಾವುದಕ್ಕೆ ಎಡಬದಿಯೇ ಬೇಕು, ಯಾವ ಎಳೆಯ ನಾಯಿ ಯಾವ ಹಿರಿಯದರ ಜೊತೆ ಸಮಾಧಾನದಿಂದಿರುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮರಗಳೇ ಇಲ್ಲದ ಸಮುದ್ರದ ಮಂಜಿನ ಮೇಲೆ ಇನ್ಯೂಟ್ ಜನ ಪ್ರತಿ ನಾಯಿಗೂ ಬೇರೆ ಹಗ್ಗ ಕೊಟ್ಟು ಬೀಸಣಿಗೆಯಂತೆ ಹರಡಿ ಕಟ್ಟುತ್ತಾರೆ. ಮಂಜು ಬಿರುಕು ಬಿಟ್ಟರೆ ಭಾರವೆಲ್ಲ ಒಂದೇ ಕಡೆ ಬೀಳದು. ಕಾಡಿನ ಕಿರುದಾರಿಗೆ ಜೋಡಿಸಾಲೇ ಸರಿ.

ಕಟ್ಟುವ ಹೊತ್ತಿನಲ್ಲಿ ಗದ್ದಲವೋ ಗದ್ದಲ. ಹಾರ್ನೆಸ್ ಕಂಡೊಡನೆ ನಾಯಿಮನೆ ಇಡೀ ಊಳಿಡುತ್ತದೆ, ಕುಣಿಯುತ್ತದೆ, ಹಗ್ಗ ಜಗ್ಗುತ್ತದೆ. ಆ ರಭಸದಲ್ಲಿ ನಾಯಿಯನ್ನು ಸಾಲಿಗೆ ಒಯ್ಯಲು ಒಂದು ಉಪಾಯವಿದೆ: ಕೊರಳಪಟ್ಟಿ ಹಿಡಿದು ಮುಂಗಾಲು ನೆಲ ಬಿಡುವಷ್ಟು ಎತ್ತಿದರೆ ಅದು ಹಿಂಗಾಲಿನ ಮೇಲೆ ಕುಪ್ಪಳಿಸುತ್ತ ಬರುತ್ತದೆ. ನಾಲ್ಕು ಕಾಲಿನ ಹಿಡಿತ ಎರಡಕ್ಕೆ ಇಳಿದುದರಿಂದ ನನ್ನ ವಯಸ್ಸಿನವರಿಗೂ ಅದನ್ನು ನಡೆಸಿಕೊಂಡು ಹೋಗಲು ಆಗುತ್ತದೆ. ಇಷ್ಟು ಹೊತ್ತೂ ಸ್ಲೆಡ್ ಎರಡು ಕಡೆ ಭದ್ರವಾಗಿರಬೇಕು: ಹಿಮದಲ್ಲಿ ತುಳಿದು ಊರಿದ ಕಬ್ಬಿಣದ ಕೊಕ್ಕೆ ಒಂದು, ಮರಕ್ಕೆ ಕಟ್ಟಿದ, ಎಳೆದರೆ ಬಿಚ್ಚುವ ಗಂಟಿನ ಹಗ್ಗ ಒಂದು. ಹೊರಡುವಾಗ ಕೊಕ್ಕೆ ಕಿತ್ತು, ಹಗ್ಗ ಬಿಚ್ಚಿದ ಕ್ಷಣಕ್ಕೆ ಬೊಗಳು ನಿಲ್ಲುತ್ತದೆ. ಆಮೇಲೆ ಕೇಳುವುದು ಉಸಿರು ಮತ್ತು ಹಿಮ ಸವೆಯುವ ಸದ್ದು. ಈ ನಾಯಿಗಳಿಗೆ ಓಟ ಬೇಕು ಎಂಬುದು ಆಗ ವಾದವಿಲ್ಲದೆ ಮನವರಿಕೆಯಾಗುತ್ತದೆ.

ಹಗ್ಗ ಸಡಿಲವಾಗಬಾರದು

ಮಷರ್ ನಿಲ್ಲುವುದು ಸ್ಲೆಡ್ಡಿನ ಹಿಂದೆ ಚಾಚಿರುವ ಎರಡು ರನ್ನರ್ ಪಟ್ಟಿಗಳ ಮೇಲೆ. ಹಿಡಿಯಲು ಮುಂದೊಂದು ಅಡ್ಡಹಿಡಿ. ಎರಡು ಪಾದಗಳ ನಡುವೆ ಎರಡು ಬಗೆಯ ಬ್ರೇಕು: ಹಿಮಕ್ಕೆ ಕಚ್ಚುವ ಲೋಹದ ಹಲ್ಲು, ಮತ್ತು ಮೆಲ್ಲಗೆ ವೇಗ ತಗ್ಗಿಸಲು ಕಾಲೂರುವ ರಬ್ಬರಿನ ಚಾಪೆ. ಮೊದಲ ನಿಯಮವನ್ನು ಎಲ್ಲ ಗುರುಗಳೂ ಒತ್ತಿ ಹೇಳುತ್ತಾರೆ: ಏನೇ ಆದರೂ ಹಿಡಿ ಬಿಡಬಾರದು. ಬಿದ್ದವರಿಗಾಗಿ ತಂಡ ಕಾಯುವುದಿಲ್ಲ. ಖಾಲಿ ಸ್ಲೆಡ್ ಹಗುರವಾಗಿ ಇನ್ನೂ ಜೋರಾಗಿ ಓಡುತ್ತದೆ.

ಆದರೆ ಈ ಕಲೆಯ ಜೀವಾಳ ಇರುವುದು ಇನ್ನೊಂದು ನಿಯಮದಲ್ಲಿ. ಗ್ಯಾಂಗ್‌ಲೈನ್ ಸದಾ ಬಿಗಿಯಾಗಿರಬೇಕು. ಇಳಿಜಾರಿನಲ್ಲಿ ಸ್ಲೆಡ್ ತನ್ನ ಭಾರಕ್ಕೇ ಮುಂದೆ ನುಗ್ಗುತ್ತದೆ. ಹಗ್ಗ ಜೋತು ನಾಯಿಗಳ ಕಾಲಿಗೆ ತೊಡರುತ್ತದೆ, ವೀಲ್ ನಾಯಿಗಳ ಹಿಂಗಾಲಿಗೆ ಸ್ಲೆಡ್ ಬಡಿಯುತ್ತದೆ, ಜೋತ ಹಗ್ಗ ಮತ್ತೆ ಜಗ್ಗಿದಾಗ ಹೆಗಲಿಗೆ ಪೆಟ್ಟಾಗುತ್ತದೆ. ಅದಕ್ಕೇ ಇಳಿಜಾರು ಶುರುವಾಗುವ ಮುಂಚೆಯೇ ಚಾಪೆಯ ಮೇಲೆ ಭಾರ ಹಾಕಿ, ಹಗ್ಗದ ಬಿಗಿ ನೋಡುತ್ತ ಇಳಿಯಬೇಕು. ಏರಿನಲ್ಲಿ ಇದಕ್ಕೆ ತಿರುಗುಮುರುಗು: ಒಂದು ಕಾಲಿನಿಂದ ನೆಲ ಒದ್ದು ನೂಕಬೇಕು, ಕಡಿದಾದರೆ ಇಳಿದು ಓಡಬೇಕು. ತಿರುವಿನಲ್ಲಿ ಒಳಬದಿಗೆ ಮೈ ಬಾಗಿಸಿ ಒಂದು ರನ್ನರಿನ ಮೇಲೆ ಭಾರ ಇಟ್ಟರೆ ಸ್ಲೆಡ್ ತಾನೇ ಹೊರಳುತ್ತದೆ.

ಒಂದೊಂದು ಟಗ್‌ಲೈನೂ ಒಂದೊಂದು ನಾಯಿಯ ವರದಿ. ಬಿಗಿಯಿದ್ದರೆ ಕ್ಷೇಮ. ಆಗಾಗ ಸಡಿಲವಾದರೆ ಆ ನಾಯಿಗೆ ದಣಿವೋ, ಪಾದಕ್ಕೆ ನೋವೋ, ಪಕ್ಕದವನ ಮೇಲೆ ಮುನಿಸೋ, ಸುಮ್ಮನೆ ಗಮನ ಬೇರೆಡೆಯೋ. ಹಿಂದಿನಿಂದ ಎಂಟು ಬೆನ್ನುಗಳನ್ನು ನೋಡುತ್ತ ಇದನ್ನು ಓದಬೇಕು: ನಡಿಗೆಯ ಲಯ ತಪ್ಪಿತೆ, ಕಿವಿ ಹಿಂದೆ ಹೋಯಿತೆ, ಬಾಲ ಎತ್ತರದಲ್ಲಿದೆಯೆ. ಯೌವನದಲ್ಲಿ ನಾನು ಇದನ್ನು ಕಲಿಯಲು ಹೋಗಿದ್ದರೆ ವೇಗದ ಖುಷಿಯಲ್ಲೇ ಉಳಿಯುತ್ತಿದ್ದೆ ಎನ್ನಿಸುತ್ತದೆ. ಗಂಟೆಗಟ್ಟಲೆ ಬೇಸರವಿಲ್ಲದೆ ಗಮನಿಸುವ ಶಕ್ತಿ ಹೆಚ್ಚಿನವರಿಗೆ ಬರುವುದು ತಡವಾಗಿ, ಮತ್ತು ಮಷಿಂಗ್ ಕೇಳುವುದು ಅದನ್ನೇ.

ಐದಾರು ಮಾತು

ಮಷರ್‌ನ ಭಾಷೆ ತೀರ ಚಿಕ್ಕದು. ಹೊರಡಲು ‘ಹೈಕ್’ ಅಥವಾ ಬರಿಯ ‘ಆಲ್‌ರೈಟ್’. ಬಲಕ್ಕೆ ‘ಜೀ’, ಎಡಕ್ಕೆ ‘ಹಾ’. ನಿಧಾನಕ್ಕೆ ‘ಈಜಿ’, ನಿಲ್ಲಲು ‘ವೋ’. ದಾರಿಯಲ್ಲಿ ಜಿಂಕೆಯೋ ಇನ್ನೊಂದು ತಂಡವೋ ಸಿಕ್ಕಾಗ ಅದರ ಗೊಡವೆ ಬೇಡ, ಮುಂದೆ ನಡೆ ಎನ್ನಲು ‘ಆನ್ ಬೈ’. ನಿಂತಾಗ ಲೀಡರ್ ಹಗ್ಗ ಬಿಗಿ ಹಿಡಿದು ನೇರ ನಿಲ್ಲಲಿ ಎಂದು ‘ಲೈನ್ ಔಟ್’.

ಇವನ್ನು ಬಾಯಿಪಾಠ ಮಾಡಲು ಅರ್ಧ ಗಂಟೆ ಸಾಕು. ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದಕ್ಕೆ ವರ್ಷಗಳೇ ಬೇಕು. ತಿರುವು ಬರುವ ಮೊದಲು ಒಮ್ಮೆ, ಸ್ಪಷ್ಟವಾಗಿ, ಶಾಂತ ದನಿಯಲ್ಲಿ ಹೇಳಬೇಕು. ಬೇಗ ಹೇಳಿದರೆ ಲೀಡರ್ ಇಲ್ಲದ ದಾರಿ ಹುಡುಕುತ್ತದೆ; ತಡವಾದರೆ ತಿರುವು ದಾಟಿರುತ್ತದೆ. ಮತ್ತೆ ಮತ್ತೆ ಕೂಗಿದರೆ ಮಾತಿಗೆ ಬೆಲೆ ಹೋಗುತ್ತದೆ. ಸರಿಯಾಗಿ ತಿರುಗಿದ ಕೂಡಲೇ ಹೆಸರು ಹಿಡಿದು ಹೊಗಳಬೇಕು. ಪಳಗಿದ ಮಷರ್‌ಗಳು ಮೈಲುಗಟ್ಟಲೆ ಒಂದು ಮಾತೂ ಆಡದೆ ಹೋಗುವುದನ್ನು ಕಂಡಿದ್ದೇನೆ.

ಲೀಡರ್‌ನ ಮಾತನ್ನು ಮಷರ್ ಕೇಳುವುದೂ ಇದೆ. ‘ಜೀ’ ಎಂದರೂ ಅದು ತಿರುಗದೆ ನಿಂತರೆ, ಅಲ್ಲಿ ಮಂಜು ತೆಳುವಿರಬಹುದು, ಹಿಮದಡಿ ನೀರು ನಿಂತಿರಬಹುದು. ಮನುಷ್ಯನಿಗೆ ಕಾಣದ್ದು ಅದರ ಪಾದಕ್ಕೂ ಮೂಗಿಗೂ ತಿಳಿದಿರುತ್ತದೆ. ಹಟ ಯಾವುದು, ಎಚ್ಚರಿಕೆ ಯಾವುದು ಎಂದು ಬೇರ್ಪಡಿಸಿ ತಿಳಿಯುವವರೇ ಒಳ್ಳೆಯ ಮಷರ್. ಮರಿಗಳು ಈ ಪಾಠ ಕಲಿಯುವುದು ಹೆಚ್ಚಾಗಿ ಹಿರಿಯ ನಾಯಿಗಳಿಂದ: ವಯಸ್ಸಾದ ಲೀಡರ್ ಪಕ್ಕದಲ್ಲಿ ಎಳೆಯದನ್ನು ಕಟ್ಟುತ್ತಾರೆ, ಹಿರಿಯದು ತಿರುಗಿದಾಗ ಕಿರಿಯದಕ್ಕೆ ಮಾತಿನ ಅರ್ಥ ಸಿಗುತ್ತದೆ.

ಪಾದ ಮತ್ತು ಬಕೆಟ್

ಓಟ ಕಾಣುವವರಿಗೆ ಕಾಣದ ಕೆಲಸವೇ ಹೆಚ್ಚು. ನಾಯಿಯ ಬೆರಳ ಸಂದಿನಲ್ಲಿ ಹಿಮ ಉಂಡೆಗಟ್ಟಿ ಚರ್ಮ ಸೀಳುತ್ತದೆ. ಒರಟು ಮಂಜು ಪಾದ ತರಿಯುತ್ತದೆ. ಅದಕ್ಕೆ ಬಟ್ಟೆಯ ಬೂಟಿಗಳು, ನಾಯಿಗೆ ನಾಲ್ಕರಂತೆ. ಎಂಟು ನಾಯಿಗೆ ಮೂವತ್ತೆರಡು. ಪಟ್ಟಿ ಬಿಗಿಯಾದರೆ ರಕ್ತ ನಿಲ್ಲುತ್ತದೆ, ಸಡಿಲವಾದರೆ ಬೂಟಿ ದಾರಿಯಲ್ಲಿ ಉದುರುತ್ತದೆ. ಇದನ್ನು ದಪ್ಪ ಕೈಗವಸು ತೊಟ್ಟು ಮಾಡಲಾಗದು. ಒಳಗೆ ತೆಳು ಗ್ಲೌಸು, ಅದರ ಮೇಲೆ ಕೊರಳಿಗೆ ದಾರದಿಂದ ತೂಗುವ ದಪ್ಪನೆಯದು. ಪ್ರತಿ ವಿರಾಮದಲ್ಲೂ ಮಂಡಿಯೂರಿ ಒಂದೊಂದೇ ಪಾದ ಬಿಡಿಸಿ ನೋಡಿ, ಬೇಕಾದಲ್ಲಿ ಮುಲಾಮು ಹಚ್ಚಬೇಕು. ದಿನದ ಕೊನೆಯಲ್ಲಿ ಯಾವ ನಾಯಿ ಯಾವ ಪಾದ ಕೊಡಲು ಹಿಂಜರಿಯುತ್ತದೆ ಎಂಬುದು ಕೈಗೇ ನೆನಪಿರುತ್ತದೆ.

ಹಿಮದ ನಡುವೆಯೂ ನಾಯಿಗಳಿಗೆ ನೀರಿನ ಕೊರತೆಯಾಗುತ್ತದೆ. ಬರಿಯ ತಣ್ಣೀರನ್ನು ಅವು ಸಾಕಷ್ಟು ಕುಡಿಯವು. ಹಿಮ ಕರಗಿಸಿ, ಬಿಸಿಮಾಡಿ, ಮಾಂಸವನ್ನೋ ಮೀನನ್ನೋ ಬೆರೆಸಿ ಸಾರಿನಂತೆ ಕೊಟ್ಟರೆ ತಳ ನೆಕ್ಕುತ್ತವೆ. ಬಿಡಾರದ ಕ್ರಮ ಹೀಗೆ: ಮೊದಲು ಟಗ್‌ಲೈನ್ ಬಿಚ್ಚು, ಹುಲ್ಲು ಹಾಸು, ಬೂಟಿ ತೆಗೆ, ಒಲೆ ಹಚ್ಚು, ನಾಯಿಗಳಿಗೆ ಬಡಿಸು. ಮನುಷ್ಯನ ಊಟ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಯಾರೂ ಮೀರುವುದಿಲ್ಲ, ಎಷ್ಟೇ ಹಸಿದಿದ್ದರೂ.

ತಡವಾಗಿ ಬಂದವರು

ಅಲಾಸ್ಕಾದಲ್ಲಿ 1973ರಿಂದ ನಡೆಯುತ್ತಿರುವ ಇಡಿಟರಾಡ್ ಸ್ಪರ್ಧೆ ಸುಮಾರು 1,600 ಕಿಲೋಮೀಟರಿನದು, ಗುರಿ ನೋಮ್. ಅದನ್ನು ಕಟ್ಟಿದ ಜೋ ರೆಡಿಂಗ್ಟನ್ 1997ರಲ್ಲಿ, 80ರ ವಯಸ್ಸಿನಲ್ಲಿ ಅದನ್ನು ಓಡಿ ಮುಗಿಸಿದರು. ನಾರ್ಮನ್ ವಾನ್ ಅವರದು ಇನ್ನೂ ದೊಡ್ಡ ಕಥೆ. 1928ರಲ್ಲಿ ಹಾರ್ವರ್ಡ್ ಓದು ಬಿಟ್ಟು ಧ್ರುವ ಅನ್ವೇಷಕ ಬರ್ಡ್ ಅವರ ಅಂಟಾರ್ಕ್ಟಿಕಾ ಯಾತ್ರೆಗೆ ನಾಯಿ ನಡೆಸಲು ಹೋದವರು ಅವರು. ಅರವತ್ತು ದಾಟಿದ ಮೇಲೆ ಅಲಾಸ್ಕಾಕ್ಕೆ ಬಂದು ಮತ್ತೆ ನಾಯಿ ಕಟ್ಟಿದರು, 1990ರಲ್ಲಿ 84ರ ವಯಸ್ಸಿನಲ್ಲಿ ಇಡಿಟರಾಡ್ ಮುಗಿಸಿದರು. ವಾನ್ ಅವರ ಹೆಸರನ್ನೇ ಬರ್ಡ್ ಇಟ್ಟಿದ್ದ ಅಂಟಾರ್ಕ್ಟಿಕಾದ ಪರ್ವತವನ್ನು 89ನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ ಏರಿದರು. ಆ ಹೊತ್ತಿಗೆ ಅಂಟಾರ್ಕ್ಟಿಕಾದಲ್ಲಿ ನಾಯಿಗಳಿಗೆ ನಿಷೇಧ ಬಂದಿತ್ತು, ಆದ್ದರಿಂದ ಕಾಲ್ನಡಿಗೆಯಲ್ಲಿ. ನೂರು ತುಂಬಿಸಿಕೊಂಡು 2005ರಲ್ಲಿ ತೀರಿಕೊಂಡರು.

ಇವರಿಬ್ಬರೂ ಎಳೆಯ ವಯಸ್ಸಿನಿಂದ ನಾಯಿ ಬಲ್ಲವರು ಎನ್ನಬಹುದು. ಡೆಬಿ ಮೊಡರೊ ಹಾಗಲ್ಲ. ಇಬ್ಬರು ಮಕ್ಕಳ ತಾಯಿಯಾದ ಮೇಲೆ ಈ ಲೋಕಕ್ಕೆ ಬಂದವರು. 2003ರಲ್ಲಿ, 47ರ ವಯಸ್ಸಿನಲ್ಲಿ ಇಡಿಟರಾಡ್‌ಗೆ ಇಳಿದರು. ಗುರಿಗೆ ಸುಮಾರು 300 ಕಿಲೋಮೀಟರ್ ಇರುವಾಗ ನಾಯಿಗಳು ಮುಂದೆ ಹೋಗಲು ಒಪ್ಪಲಿಲ್ಲ, ಮೊಡರೊ ಹಿಂದೆ ಸರಿದರು. 2005ರಲ್ಲಿ ಮರಳಿ ಬಂದು ನೋಮ್ ಮುಟ್ಟಿದರು. ವಯಸ್ಸಿನ ವಾದಕ್ಕೆ ಸ್ಪರ್ಧೆಯ ಲೆಕ್ಕದಲ್ಲೇ ಉತ್ತರ ಬೇಕೆಂದರೆ, 2017ರಲ್ಲಿ ಗೆದ್ದ ಮಿಚ್ ಸೀವಿಗೆ 57 ವರ್ಷ. ಎಂಟು ದಿನ ಮೂರೂ ಮುಕ್ಕಾಲು ಗಂಟೆಯೊಳಗೆ ನೋಮ್ ತಲುಪಿದ ಅವರ ಹಿಂದೆ ಎರಡನೆಯವರಾಗಿ ಬಂದದ್ದು, ಅದಾಗಲೇ ನಾಲ್ಕು ಬಾರಿ ಗೆದ್ದಿದ್ದ ಅವರ ಮಗ ಡಲ್ಲಾಸ್.

ಹೊಣೆ

ಈ ಪ್ರೀತಿಗೆ ಹೊಣೆಯೂ ಅಂಟಿಕೊಂಡಿದೆ. ದೀರ್ಘ ಸ್ಪರ್ಧೆಗಳಲ್ಲಿ ನಾಯಿಗಳು ಸತ್ತದ್ದಿದೆ. ಪ್ರಾಣಿದಯೆಯ ಸಂಘಟನೆಗಳು ಅದನ್ನೂ, ನಾಯಿಗಳನ್ನು ಸರಪಳಿಯಲ್ಲಿ ಕಟ್ಟಿ ಸಾಕುವುದನ್ನೂ ಕಟುವಾಗಿ ಟೀಕಿಸುತ್ತವೆ. ಇಡಿಟರಾಡ್‌ನಲ್ಲಿ ಒಂದು 24 ಗಂಟೆಯ, ಎರಡು 8 ಗಂಟೆಯ ಕಡ್ಡಾಯ ವಿರಾಮಗಳಿವೆ, ದಾರಿಯುದ್ದಕ್ಕೂ ಪಶುವೈದ್ಯರಿದ್ದಾರೆ. ಆದರೂ ಆ ಟೀಕೆಯನ್ನು ಪ್ರತಿಯೊಬ್ಬ ಮಷರ್ ಕಿವಿಗೊಟ್ಟು ಕೇಳಬೇಕು ಎಂದೇ ನನ್ನ ನಂಬಿಕೆ. ನಾಯಿಗೆ ಓಡುವ ಆಸೆ ಎಷ್ಟೆಂದರೆ ಅದು ತನ್ನ ನೋವನ್ನೂ ಮರೆತು ಓಡೀತು. ಸಾಕು ಎನ್ನುವ ವಿವೇಕವನ್ನು ಮನುಷ್ಯನೇ ಒದಗಿಸಬೇಕು. ಓಟ ಬಿಟ್ಟ ನಾಯಿಗಳನ್ನು ಕೊನೆಯವರೆಗೆ ಚೆನ್ನಾಗಿ ಸಾಕುವ ನಾಯಿಮನೆಯೇ ಒಳ್ಳೆಯ ನಾಯಿಮನೆ. ಕಲಿಯಲು ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು: ನಿಮ್ಮ ಮುದಿ ನಾಯಿಗಳು ಎಲ್ಲಿವೆ?

ಅರವತ್ತರಲ್ಲಿ ಹನ್ನೆರಡು ನಾಯಿ ಕೊಳ್ಳಬೇಕಿಲ್ಲ, ಕೊಳ್ಳಲೂಬಾರದು. ಅವುಗಳ ಆಯುಸ್ಸಿಗೆ ನಾವು ಮಾತು ಕೊಡಬೇಕಾಗುತ್ತದೆ. ಮಿನೆಸೊಟಾದಲ್ಲೋ ಕೆನಡಾದಲ್ಲೋ ನಾರ್ವೆಯಲ್ಲೋ ಮಕ್ಕಳ ಮನೆಗೆ ಹೋಗುವ ನಮ್ಮವರು ಜನವರಿ, ಫೆಬ್ರವರಿಯಲ್ಲಿ ಹೋದರೆ ಸಾಕು, ಕಲಿಸುವ ನಾಯಿಮನೆಗಳು ಸಿಗುತ್ತವೆ. ವೈದ್ಯರನ್ನು ಒಮ್ಮೆ ಕೇಳಿ, ಹತ್ತಿ ಬಟ್ಟೆ ಬಿಟ್ಟು ಉಣ್ಣೆಯನ್ನು ಪದರ ಪದರವಾಗಿ ತೊಟ್ಟು, ನಾಲ್ಕು ನಾಯಿಗಳ ಸಣ್ಣ ತಂಡ ಕೇಳಿ ಪಡೆಯಿರಿ. ಓಟದ ಮುಂಚೆ ಬಕೆಟ್ ಹೊರುವ, ಕೊಟ್ಟಿಗೆ ಗುಡಿಸುವ ಕೆಲಸವನ್ನೂ ಕೇಳಿ. ನಾಯಿಗಳು ನಿಮ್ಮನ್ನು ಗುರುತಿಸುವುದು ಅಲ್ಲಿಂದ. ಎರಡನೆಯ ದಿನ ಹೊಸ ದಾರಿ ತೋರಿಸುತ್ತೇವೆ ಎಂದರೆ ದಾರಿ ಯಾವುದಾದರೂ ಸರಿ, ನಿನ್ನೆಯ ನಾಯಿಗಳನ್ನೇ ಕೊಡಿ ಎನ್ನಿ. ಯಾವುದರ ಹಗ್ಗ ಏಕೆ ಸಡಿಲವಾಯಿತು ಎಂದು ನಿಮಗೆ ತಿಳಿಯತೊಡಗುವುದು ಆಗಲೇ, ಮತ್ತು ವಿದ್ಯೆ ಶುರುವಾಗುವುದೂ ಆಗಲೇ.